ಒಂದು ಗೇಣು ಹಿಂದಕ್ಕೆ

ನಾನು ಬರೆದ ಹಾಳೆಯಲ್ಲಿ ಹದಿನಾಲ್ಕು ಸಾಲುಗಳಿದ್ದವು. ಅವುಗಳಲ್ಲಿ ಒಂದೂ ತಪ್ಪಿರಲಿಲ್ಲ. ಆಮೇಲೆ ಎಷ್ಟು ಸಲ ತೆಗೆದು ಓದಿದ್ದೇನೋ ಗೊತ್ತಿಲ್ಲ. ಸಮತಟ್ಟಾದ ಜಾಗ ನೋಡಿ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಎಳೆಯಿರಿ. ಗೇರಿನಲ್ಲಿ ಬಿಡಿ. ನೆಲದ ಮೇಲೆ ಉಳಿಯುವ ಚಕ್ರಗಳಿಗೆ ಕಲ್ಲು ಕೊಡಿ. ಚಕ್ರ ನೆಲ ಮುಟ್ಟಿರುವಾಗಲೇ ನಟ್ಟು ಸಡಿಲಿಸಿ, ಪೂರ್ತಿ ಬಿಚ್ಚಬೇಡಿ. ಹಾಳೆಯಲ್ಲಿ ಎಲ್ಲವೂ ಸರಿಯಾಗಿ ನಡೆಯುತ್ತದೆ, ಯಾರಿಗೂ ಏನೂ ಆಗುವುದಿಲ್ಲ. ಹಾಳೆ ಮಡಿಸಿ ಕಣ್ಣು ಮುಚ್ಚಿದರೆ ಮಾತ್ರ ಆ ಕಾರಿನ ಮೂತಿ ನನ್ನ ಎದುರಿನಿಂದ ಒಂದು ಗೇಣು ಹಿಂದಕ್ಕೆ ಜರುಗುತ್ತದೆ.

ಶಿವಮೊಗ್ಗದ ಆಲ್ಕೊಳ ಸರ್ಕಲ್ ಹತ್ತಿರದ ಒಂದು ಡ್ರೈವಿಂಗ್ ಶಾಲೆಯಲ್ಲಿ ನಾನು ಹೆಂಗಸರಿಗೆ ಕಾರು ಕಲಿಸುತ್ತೇನೆ. ಕಳೆದ ಮಳೆಗಾಲದ ಕೊನೆಯಲ್ಲಿ ಶಾಲೆಯ ಮಾಲೀಕರು ಒಂದು ಹೊಸ ಯೋಚನೆ ತಂದರು.

"ಮೇಡಂ, ಓಡ್ಸೋದು ಕಲಿಸ್ತೀವಿ, ಲೈಸೆನ್ಸ್ ಕೊಡಿಸ್ತೀವಿ. ಆಮೇಲೆ ಪಂಚರ್ ಆದ್ರೆ ರಸ್ತೆ ಮಧ್ಯ ನಿಂತು ನಂಗೇ ಫೋನ್ ಮಾಡ್ತಾರೆ ಮಾರಾಯ್ರೆ. ಚಕ್ರ ಬದಲ್ಸೋದು, ಲೈಟಿನ ಬಲ್ಬ್ ಹಾಕೋದು, ಎರಡು ಭಾನುವಾರದ ಕ್ಲಾಸ್ ಮಾಡಿ. ಅವರವರ ಮನೆ ಅಂಗಳದಲ್ಲೇ."

ನನಗೆ ಖುಷಿಯಾಯಿತು. ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವಳು ನಾನು. ಇದು ನನ್ನ ಕೆಲಸದಲ್ಲಿ ಆ ಓದು ಬಳಕೆಗೆ ಬರುವ ಮೊದಲ ಸಂದರ್ಭ ಅನಿಸಿತು. ಒಂದು ವಾರ ಕೂತು ಹಾಳೆ ಬರೆದೆ. ಮೊದಲ ಭಾನುವಾರ ಬಲ್ಬು, ಎರಡನೆಯ ಭಾನುವಾರ ಚಕ್ರ. ಶಾಲೆಯ ಕಾರಿನ ಚಕ್ರವನ್ನು ನಾನೇ ಮೂರು ಸಲ ಬಿಚ್ಚಿ ಹಾಕಿ ಅಭ್ಯಾಸ ಮಾಡಿದೆ.

ಮೊದಲ ತಂಡ ಭದ್ರಾವತಿಯದು. ನನ್ನ ಹತ್ತಿರ ಕಲಿಯುತ್ತಿದ್ದ ಒಬ್ಬ ಪ್ರಾಥಮಿಕ ಶಾಲೆಯ ಟೀಚರು ತಮ್ಮ ಮನೆಯ ಅಂಗಳ ಕೊಡುತ್ತೇನೆ ಅಂದಿದ್ದರು. ಕಾಗದನಗರಕ್ಕೆ ಅಂಟಿಕೊಂಡ ಬಡಾವಣೆ. ಮನೆಯಲ್ಲಿ ಅವರ ಗಂಡ ತಿಂಗಳಲ್ಲಿ ಇಪ್ಪತ್ತು ದಿನ ಹೊರಗೆ ಓಡಾಡುವ ಕೆಲಸದವರು. ಇರುವವರೆಂದರೆ ಟೀಚರು ಮತ್ತು ಅವರ ಮಾವ. ಮಾವ ಕಾಗದದ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಎಪ್ಪತ್ತು ದಾಟಿದ್ದರೂ ಅಂಗೈ ಹಲಗೆಯ ಹಾಗಿತ್ತು. ಮನೆಯ ಹಳೆಯ ಚಿಕ್ಕ ಕಾರನ್ನು ಅವರೇ ನೋಡಿಕೊಳ್ಳುತ್ತಿದ್ದರು. ಅದರ ಎಡ ಹೆಡ್‌ಲೈಟು ಹೋಗಿ ತಿಂಗಳಾಗಿತ್ತು. ಆ ಕಾರಿನಲ್ಲೇ ಕ್ಲಾಸ್ ಮಾಡಿ, ಬಲ್ಬೂ ಹಾಕಿದಂತಾಗುತ್ತದೆ ಎಂದು ಟೀಚರು ಹೇಳಿದರು. ಪಕ್ಕದ ಮನೆಯ ಟೈಲರಮ್ಮನೂ ಸೇರಿಕೊಂಡರು. ಅವರದು ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಎರಡರಲ್ಲೂ ಬಾಯಿ ಜೋರು.

ಮೊದಲ ಭಾನುವಾರ ಬೆಳಿಗ್ಗೆಯಿಂದ ಸಂಜೆಯವರೆಗೆ ಮಳೆ. ಬಾನೆಟ್ ತೆರೆಯಲೂ ಆಗಲಿಲ್ಲ. ಹಜಾರದಲ್ಲಿ ಕೂತು ಹಾಳೆ ಓದಿದ್ದು, ಕಾಫಿ ಕುಡಿದದ್ದು ಅಷ್ಟೇ. ಹೊರಡುವಾಗ ನಾನು ಅಂದೆ: "ಪರವಾಗಿಲ್ಲ, ಮುಂದಿನ ವಾರ ಎರಡೂ ಒಟ್ಟಿಗೆ ಮುಗಿಸೋಣ."

ಆ ವಾಕ್ಯ ನನ್ನದು. ಯಾರೂ ಹೇಳಿಸಲಿಲ್ಲ.

ಮುಂದಿನ ಭಾನುವಾರ ಬಿಸಿಲಿತ್ತು. ನಾನು ಶಾಲೆಯ ಕಾರನ್ನು ಬೀದಿಯಲ್ಲಿ ನಿಲ್ಲಿಸಿ ಒಳಗೆ ಹೋದಾಗ ಹತ್ತೂವರೆ. ಅಂಗಳದಲ್ಲಿ ಅವರ ಕಾರು ಮನೆಯ ಕಡೆಗೆ ಮುಖ ಮಾಡಿ ನಿಂತಿತ್ತು. ಅಂಗಳಕ್ಕೆ ಸಿಮೆಂಟು ಹಾಕಿದ್ದರು. ಮಳೆಯ ನೀರು ಹೊರಗೆ ಹೋಗಲೆಂದು ಗೇಟಿನ ಕಡೆಗೆ ಇಳಿಜಾರು ಕೊಟ್ಟಿದ್ದರು. ಕಣ್ಣಿಗೆ ಹೆಚ್ಚು ಕಾಣುವಂಥ ಇಳಿಜಾರಲ್ಲ. ನನಗೆ ಕಂಡಿತ್ತು. ಎಡ ಹಿಂಚಕ್ರದ ಹಿಂದೆ ಒಂದು ದಪ್ಪ ಕಲ್ಲು ಯಾವಾಗಲೂ ಇರುತ್ತಿತ್ತು.

ಕಾರಿನೊಳಗೆ ಬಗ್ಗಿ ಹ್ಯಾಂಡ್‌ಬ್ರೇಕ್ ಎಳೆದೆ. ಅದು ಯಾವ ತಡೆಯೂ ಇಲ್ಲದೆ ಪೂರ್ತಿ ಮೇಲಕ್ಕೆ ಬಂತು.

"ಸರ್, ಇದು ಸಡಿಲ ಇದೆಯಲ್ಲ?"

"ಸರ್ ಅಂತೆ!" ಫಿಟ್ಟರ್ ನಕ್ಕರು. "ಮಿಲ್ಲಲ್ಲಿ ಅಷ್ಟು ವರ್ಷ ದುಡಿದೆ, ಒಬ್ಬನೂ ಸರ್ ಅನ್ಲಿಲ್ಲ. ಅದನ್ನ ನಾವು ಉಪಯೋಗ್ಸೋದೇ ಇಲ್ಲ ಮೇಡಂ. ಈ ಕಡೆ ಮಳೆಗಾಲದಲ್ಲಿ ಹ್ಯಾಂಡ್‌ಬ್ರೇಕ್ ಹಾಕಿ ರಾತ್ರಿ ಬಿಟ್ರೆ ಬೆಳಿಗ್ಗೆ ಬ್ರೇಕ್ ಶೂ ಚಕ್ರದ ಡ್ರಮ್ಮಿಗೆ ಕಚ್ಕೊಂಡಿರುತ್ತೆ. ಆಮೇಲೆ ಕಾರು ಅಲ್ಲಾಡಲ್ಲ. ಗೇರಿಗೆ ಹಾಕೋದು, ಒಂದು ಕಲ್ಲು ಕೊಡೋದು. ಸಾಕು."

ಅವರು ಹೇಳಿದ್ದು ಸುಳ್ಳಲ್ಲ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹೀಗೇ ಮಾಡುತ್ತಾರೆ. ಆದರೆ ಬಳಸದೆ ಬಿಟ್ಟ ಬ್ರೇಕು ಬೇಕಾದ ದಿನ ಇರುವುದಿಲ್ಲ ಎಂಬುದು ಆ ಹಿಡಿಕೆ ನನ್ನ ಕೈಯಲ್ಲಿ ಹಗುರಾಗಿ ಮೇಲೆ ಬಂದಾಗ ನನಗೆ ತಿಳಿಯಬೇಕಿತ್ತು. ತಿಳಿಯಿತು ಕೂಡ. ನನ್ನ ತಂದೆಯ ವಯಸ್ಸಿನ, ಯಂತ್ರಗಳ ನಡುವೆಯೇ ಆಯುಷ್ಯ ಕಳೆದ ಮನುಷ್ಯನಿಗೆ ನಾನೇನು ಹೇಳುವುದು ಎಂದು ಸುಮ್ಮನಾದೆ.

ಹೊತ್ತು ಉಳಿಸಲು ಕೆಲಸ ಹಂಚಿದೆ. ನಾನು ಮತ್ತು ಟೀಚರು ಮುಂದೆ ಬಲ್ಬಿಗೆ. ಟೈಲರಮ್ಮ ಫಿಟ್ಟರ್ ಜೊತೆ ಹಿಂದೆ ಚಕ್ರಕ್ಕೆ. ಮುಗಿದ ಮೇಲೆ ಇಬ್ಬರು ಹೆಂಗಸರೂ ಜಾಗ ಅದಲು ಬದಲು. ಒಂದೇ ಕಾರಿಗೆ ಎರಡು ಕಡೆಯಿಂದ ಕೈ ಹಾಕಿದೆವು.

ಬಲ್ಬಿನ ಕೆಲಸ ಕಣ್ಣಿನದಲ್ಲ, ಬೆರಳಿನದು. ಹೆಡ್‌ಲೈಟಿನ ಹಿಂದೆ ಕೈ ತೂರುವಷ್ಟೇ ಜಾಗ, ಪಕ್ಕದಲ್ಲಿ ಬ್ಯಾಟರಿ. ಮೊದಲು ಮೂರು ಪಿನ್ನಿನ ಸಾಕೆಟ್ಟನ್ನು ನೇರ ಹಿಂದಕ್ಕೆ ಎಳೆಯಬೇಕು, ತಿರುಚಬಾರದು. ಆಮೇಲೆ ರಬ್ಬರ್ ಮುಚ್ಚಳ. ಅದರೊಳಗೆ ಬಲ್ಬನ್ನು ಹಿಡಿದಿರುವ ತಂತಿಯ ಕ್ಲಿಪ್ಪು. ಒತ್ತಿ, ಪಕ್ಕಕ್ಕೆ ಸರಿಸಿದರೆ ಬಿಡುತ್ತದೆ. ಹೊಸ ಬಲ್ಬಿನ ಗಾಜನ್ನು ಬೆರಳಿನಿಂದ ಮುಟ್ಟಬಾರದು. ಕೈಯ ಜಿಡ್ಡು ಅಂಟಿದ ಜಾಗ ಬಿಸಿಗೆ ಹೆಚ್ಚು ಕಾದು ಬಲ್ಬು ಬೇಗ ಹೋಗುತ್ತದೆ. ಬುಡದ ಲೋಹ ಹಿಡಿಯಬೇಕು, ಇಲ್ಲವೇ ಒಗೆದ ಬಟ್ಟೆಯಲ್ಲಿ.

ಹಿಂದಿನಿಂದ ಟೈಲರಮ್ಮ ಕೂಗಿದರು: "ಮುಟ್ಟಬಾರ್ದು ಅಂದ್ರೆ ಏನ್ ಮೇಡಂ, ಬಲ್ಬಿಗೂ ಮಡಿನಾ?"

"ನೀನು ಇಲ್ಲಿ ನಟ್ಟು ನೋಡಮ್ಮ," ಅಂದರು ಫಿಟ್ಟರ್. "ಎಡಕ್ಕೆ ತಿರುಗಿಸು. ಕೈಯಲ್ಲಿ ಆಗ್ಲಿಲ್ವ? ಪಾನಾ ಮೇಲೆ ಕಾಲಿಟ್ಟು ಒತ್ತು. ಹಾಂ! ನೋಡಿದ್ಯ, ಹೊಲಿಗೆ ಮಿಷನ್ ತುಳಿದ ಕಾಲು ಅದು."

ಟೀಚರಿಗೆ ಕ್ಲಿಪ್ಪು ಸಿಗಲು ಹತ್ತು ನಿಮಿಷ ಹಿಡಿಯಿತು. ಮಣಿಕಟ್ಟು ತರಚಿತು. ಒಂದು ಸಲ ಬಲ್ಬನ್ನು ತಲೆಕೆಳಗಾಗಿ ಕೂರಿಸಲು ನೋಡಿದರು. ಅದರ ಬುಡದಲ್ಲಿ ಮೂರು ಕಿವಿಗಳಿರುತ್ತವೆ, ಒಂದೇ ರೀತಿಯಲ್ಲಿ ಮಾತ್ರ ಕೂರುತ್ತದೆ ಎಂದು ತೋರಿಸಿದೆ. ನಾನು ಕೈ ಹಾಕಲಿಲ್ಲ. ಕೊನೆಗೆ ಕ್ಲಿಪ್ಪು ಟಕ್ ಎಂದು ಕೂತಿತು. ರಬ್ಬರು, ಸಾಕೆಟ್ಟು. ಅವರು ಬೆವರಿದ ಮುಖ ಎತ್ತಿ ನನ್ನನ್ನು ನೋಡಿದರು. ಮಕ್ಕಳು ಲೆಕ್ಕ ಬಿಡಿಸಿ ಸ್ಲೇಟು ಎತ್ತಿ ಹಿಡಿಯುತ್ತಾರಲ್ಲ, ಆ ಮುಖ.

"ಉರಿಯುತ್ತಾ ನೋಡ್ಲಾ ಮೇಡಂ?"

"ಹೂಂ, ಹಾಕಿ ನೋಡಿ," ಅಂದೆ.

ಆ ಹೊತ್ತಿಗೆ ಹಿಂದೆ ಏನಾಗಿತ್ತು ಎಂಬುದನ್ನು ನಾನು ಆಮೇಲೆ ಜೋಡಿಸಿಕೊಂಡಿದ್ದು. ಜಾಕ್ ಮೇಲೆ ಎಡ ಹಿಂಭಾಗ ಎದ್ದಿತ್ತು. ಚಕ್ರ ಬಿಚ್ಚಿ ಆಗಿತ್ತು. ಆ ದಪ್ಪ ಕಲ್ಲು ಇದ್ದದ್ದು ಬಿಚ್ಚಿದ ಚಕ್ರದ ಹಿಂದೆಯೇ. ಚಕ್ರ ಮೇಲೆದ್ದ ಮೇಲೆ ಅದಕ್ಕೆ ಕೆಲಸವಿಲ್ಲ, ಕಾಲಿಗೆ ತೊಡಕು ಎಂದು ಫಿಟ್ಟರ್ ಅದನ್ನು ಪಕ್ಕಕ್ಕೆ ಸರಿಸಿದ್ದರು. ಉಳಿದ ಚಕ್ರಗಳಿಗೆ ಕಲ್ಲಿರಲಿಲ್ಲ. ಇಡೀ ಕಾರು ಆಗ ನಿಂತಿದ್ದು ಒಂದೇ ಒಂದು ಆಧಾರದ ಮೇಲೆ: ಗೇರು. ಫಿಟ್ಟರ್ ಕುಕ್ಕರುಗಾಲಲ್ಲಿ ಕೂತು, ಬಿಚ್ಚಿದ ಚಕ್ರವನ್ನು ಅಂಗಾತ ಮಲಗಿಸಿ, ಜಾಕಿನ ಪಕ್ಕದಲ್ಲಿ ಕಾರಿನ ಕೆಳಗೆ ತಳ್ಳುತ್ತಿದ್ದರು. ಜಾಕ್ ತಪ್ಪಿದರೆ ಕಾರು ಚಕ್ರದ ಮೇಲೆ ಕೂರಲಿ ಎಂದು. ನನ್ನ ಹಾಳೆಯಲ್ಲೂ ಆ ಸಾಲು ಇತ್ತು, ಒಂಬತ್ತನೆಯದು.

ಟೀಚರು ಸೀಟಿನಲ್ಲಿ ಕೂತರು. ಆ ಕಾರಿನಲ್ಲಿ ಕೀ ತಿರುಗಿಸದೆ ಹೆಡ್‌ಲೈಟು ಹತ್ತುವುದಿಲ್ಲ. ಕೀ ಮುಟ್ಟುವ ಮುಂಚೆ ಏನು ಮಾಡಬೇಕು ಎಂಬುದನ್ನು ಎರಡು ತಿಂಗಳಿಂದ ದಿನಾ ನಾನೇ ಹೇಳಿಸಿದ್ದೆ. ಕ್ಲಚ್ ಒತ್ತು, ಗೇರು ನ್ಯೂಟ್ರಲ್‌ಗೆ ತಾ, ಅಲ್ಲಾಡಿಸಿ ನೋಡು, ಆಮೇಲೆ ಕೀ. ಅವರು ಹಾಗೇ ಮಾಡಿದರು. ಒಂದು ತಪ್ಪೂ ಇಲ್ಲದೆ ಮಾಡಿದರು.

ನಾನು ತೆರೆದ ಬಾನೆಟ್ಟಿನ ಮುಂದೆ ಲೈಟು ನೋಡುತ್ತ ನಿಂತಿದ್ದೆ. ಲೈಟು ನನ್ನಿಂದ ದೂರ ಹೋಯಿತು. ಒಂದು ಗೇಣು, ಅಷ್ಟೇ. ಬಹಳ ನಿಧಾನವಾಗಿ. ಸದ್ದೇ ಇರಲಿಲ್ಲ. ಆಗ ನನ್ನ ಬಲಗಾಲು ತಾನಾಗಿ ನೆಲವನ್ನು ಒತ್ತಿತು. ಬಲವಾಗಿ, ಚಪ್ಪಲಿಯ ಅಟ್ಟೆ ಮಡಿಚುವ ಹಾಗೆ ಒತ್ತಿತು.

ನಮ್ಮ ಶಾಲೆಯ ಕಾರಿನಲ್ಲಿ ಕಲಿಸುವವರ ಕಡೆಗೂ ಒಂದು ಬ್ರೇಕ್ ಇರುತ್ತದೆ. ನನ್ನ ಕಾಲು ಎಂದೂ ಅದರ ಮೇಲೆಯೇ. ನನ್ನ ಹತ್ತಿರ ಕಲಿತವರು ಯಾರೂ ಕಾರು ತಾನಾಗಿ ಹಿಂದೆ ಉರುಳಿದ್ದನ್ನು ಕಂಡಿಲ್ಲ. ಉರುಳುವ ಮೊದಲೇ ನಾನು ಹಿಡಿದಿರುತ್ತೇನೆ. ಅವರ ಬಲಗಾಲು ಬ್ರೇಕಿನ ಮೇಲಿದೆಯೇ ಇಲ್ಲವೇ ಎಂದು ನಾನು ನೋಡಿದ್ದೇ ಕಡಿಮೆ. ಆ ದಿನ ನಾನು ಹೊರಗಿದ್ದೆ. ನನ್ನ ಕಾಲಿನ ಕೆಳಗೆ ಸಿಮೆಂಟು ಮಾತ್ರ ಇತ್ತು.

ಜಾಕ್ ವಾಲಿ ಬಿದ್ದ ಸದ್ದು ಕೇಳಿತು. ಕಾರಿನ ಹಿಂಭಾಗ ಕುಸಿಯಿತು. ಆಮೇಲೆ ಫಿಟ್ಟರ್ ದನಿ, ಕೂಗಲ್ಲ, ಯಾರನ್ನೋ ಕರೆದ ಹಾಗೆ: "ಕೈ."

ಓಡಿದೆ. ಕಾರಿನ ಅಂಚು ಮಲಗಿಸಿದ ಚಕ್ರದ ಮೇಲೆ ಕೂತಿತ್ತು. ಅವರ ಎಡಗೈಯ ಬೆರಳುಗಳು ಆ ತಗಡಿನ ಅಂಚಿಗೂ ಟಯರಿಗೂ ನಡುವೆ. ಅವರು ಮೊಣಕಾಲೂರಿ ಮುಂದಕ್ಕೆ ಬಾಗಿದ್ದರು. ಮುಖ ಬಿಳಿಚಿತ್ತು.

ಎರಡು ಕಡೆಯಿಂದ ಎರಡು ದನಿ ಎದ್ದವು. ಟೈಲರಮ್ಮ ತಮಿಳಿನಲ್ಲಿ ಕಿರುಚುತ್ತಿದ್ದರು. ಒಳಗಿನಿಂದ ಟೀಚರು, "ಏನಾಯ್ತು? ಮಾವ? ಏನಾಯ್ತು?" ಎಂದು ಬಾಗಿಲು ತೆರೆದು ಒಂದು ಕಾಲು ಹೊರಗಿಟ್ಟಿದ್ದರು. ಕಾರು ಇನ್ನೂ ನ್ಯೂಟ್ರಲ್‌ನಲ್ಲೇ ಇದೆ, ಅದನ್ನು ಹಿಡಿದಿರುವುದು ಟಯರಿನ ಮೇಲೆ ಕೂತ ಭಾರ ಮಾತ್ರ ಎಂಬುದು ನನಗೆ ಆಗ ಹೊಳೆಯಿತು. ಇನ್ನೊಂದು ಗೇಣು ಜರುಗಿದರೆ ಆ ಅಂಚು ಬೆರಳುಗಳನ್ನು ಎಳೆದುಕೊಂಡೇ ಹೋಗುತ್ತದೆ.

"ಇಳೀಬೇಡಿ!" ಅಂದೆ. "ಬಲಗಾಲು ಬ್ರೇಕ್ ಮೇಲೆ. ಒತ್ತಿ. ಪೂರ್ತಿ ಒತ್ತಿ. ನಾನು ಹೇಳೋವರ್ಗೂ ತೆಗೀಬೇಡಿ."

"ಮಾವಂಗೆ ಏನಾಯ್ತು?"

"ಒತ್ತಿದೀರಾ?"

"ಒತ್ತಿದೀನಿ."

"ಕೀ, ಗೇರು ಯಾವ್ದೂ ಮುಟ್ಟಬೇಡಿ. ಟೈಲರಮ್ಮ, ಕಲ್ಲು. ಇಟ್ಟಿಗೆ, ಏನಾದ್ರೂ. ಮುಂದಿನ ಎರಡು ಚಕ್ರಕ್ಕೂ ಹಿಂದ್ಗಡೆಯಿಂದ."

ಗದ್ದಲ ಕೇಳಿ ಬೀದಿಯಿಂದ ಮೂರು ನಾಲ್ಕು ಗಂಡಸರು ಒಳಗೆ ಬಂದರು. ಬಂದವರೇ ಹಿಂದಿನ ಬಂಪರಿಗೆ ಕೈ ಹಾಕಿದರು.

"ಸರೀರಿ ಮೇಡಂ, ಎತ್ತಿಬಿಡ್ತೀವಿ. ಏನ್ ಮಹಾ ಭಾರ! ಒಂದು, ಎರಡು—"

"ಬಿಡಿ! ಕೈ ಬಿಡಿ ಕಾರಿಂದ!"

ನನ್ನ ಬಾಯಿಂದ ಅಂಥ ದನಿ ಬರುತ್ತದೆ ಎಂದು ನನಗೇ ಗೊತ್ತಿರಲಿಲ್ಲ. ಅವರು ಬೆಚ್ಚಿದರು. ಒಬ್ಬರಿಗೆ ಸಿಟ್ಟು ಬಂತು. "ಮುದುಕ್ರ ಕೈ ಸಿಕ್ಕಾಕ್ಕೊಂಡಿದೆ, ನೀವೇನ್ರಿ ರೂಲ್ಸ್ ಹೇಳ್ತೀರಾ?"

ಎತ್ತಬಹುದಿತ್ತೇನೋ. ಅವರು ನಾಲ್ವರು ಗಟ್ಟಿಯಾಗಿದ್ದರು. ಈಗಲೂ ಆ ಕ್ಷಣಕ್ಕೆ ಬಂದು ನಿಲ್ಲುತ್ತೇನೆ: ಎತ್ತಲು ಬಿಟ್ಟಿದ್ದರೆ ಐದು ಸೆಕೆಂಡು, ನಾನು ಮಾಡಿದ ರೀತಿಯಲ್ಲಿ ಏಳೆಂಟು ನಿಮಿಷ. ಆ ಏಳೆಂಟು ನಿಮಿಷದ ನೋವು ನನ್ನ ಲೆಕ್ಕಕ್ಕೇ ಸೇರಬೇಕು. ಆದರೆ ಇಳಿಜಾರಿನಲ್ಲಿ, ಹಿಂದೆ ನಿಂತು ಬಂಪರ್ ಹಿಡಿದವರಲ್ಲಿ ಒಬ್ಬರ ಕೈ ಜಾರಿದರೂ ಕಾರು ಮತ್ತೆ ಅದೇ ಬೆರಳುಗಳ ಮೇಲೆ ಬೀಳುತ್ತಿತ್ತು. ನಾನು ಫಿಟ್ಟರ್ ಮುಖ ನೋಡಿದೆ.

"ಅವರು ಹೇಳೋದು ಸರಿ," ಅಂದರು ಅವರು, ಹಲ್ಲು ಕಚ್ಚಿ. "ಯಾರೂ ಎತ್ಬೇಡಿ. ಜಾಕ್ ತನ್ನಿ."

ಅವರ ಜಾಕ್ ವಾಲುವಾಗ ತಿರುಚಿಕೊಂಡಿತ್ತು. ನನ್ನ ಕಾರಿನ ಜಾಕ್ ತರಲು ಬೀದಿಗೆ ಓಡಿದೆ. ಡಿಕ್ಕಿಯಲ್ಲಿ ಅದನ್ನು ಹಿಡಿದಿಟ್ಟ ಸ್ಕ್ರೂ ಬಿಚ್ಚಲು ಹೋಗಿ ಎರಡು ಸಲ ತಪ್ಪು ಕಡೆಗೆ ತಿರುಗಿಸಿದೆ. ವಾಪಸು ಬಂದಾಗ ಟೈಲರಮ್ಮ ಬಟ್ಟೆ ಒಗೆಯುವ ಕಲ್ಲಿನ ಪಕ್ಕದಿಂದ ಇಟ್ಟಿಗೆಗಳನ್ನು ತಂದು ಮುಂದಿನ ಚಕ್ರಗಳ ಹಿಂದೆ ಒದ್ದು ಕೂರಿಸಿದ್ದರು. ಸಿಟ್ಟು ಮಾಡಿದ ಗಂಡಸೇ ಬಲ ಹಿಂಚಕ್ರಕ್ಕೆ ಆ ದಪ್ಪ ಕಲ್ಲು ಕೊಟ್ಟಿದ್ದರು.

ಜಾಕ್ ಇಡುವ ಜಾಗದಲ್ಲೇ ಟಯರು, ಟಯರಿನ ಮೇಲೆ ಕೈ. ಎಲ್ಲಿ ಇಡಲಿ ಎಂದು ನಾನು ಬಗ್ಗಿ ನೋಡುತ್ತಿದ್ದರೆ ಅವರೇ ಹೇಳಿದರು: "ಆಕ್ಸಲ್ಲಿಗೆ ಕೊಡು. ಡ್ರಮ್ಮಿನ ಒಳಮಗ್ಗುಲು. ಕೆಳಗೆ ಹಲಗೆ ಹಾಕು, ಸಿಮೆಂಟು ನುಣುಪಿದೆ." ಮೊದಲ ಸಲ ಅವರು ನನ್ನನ್ನು ಏಕವಚನದಲ್ಲಿ ಕರೆದದ್ದು. ಇಬ್ಬರೂ ಗಮನಿಸುವ ಸ್ಥಿತಿಯಲ್ಲಿರಲಿಲ್ಲ.

ಹಲಗೆ ಬಂತು. ನಾನು ಹೊಟ್ಟೆಯ ಮೇಲೆ ಮಲಗಿ ಜಾಕ್ ತಿರುಗಿಸಲು ಶುರು ಮಾಡಿದೆ. ಜಾಗವಿಲ್ಲದೆ ಹಿಡಿಕೆ ಅರ್ಧ ಸುತ್ತು ಮಾತ್ರ ಹೋಗುತ್ತಿತ್ತು. ತೆಗೆದು, ಮತ್ತೆ ಸಿಕ್ಕಿಸಿ, ಮತ್ತೆ ಅರ್ಧ ಸುತ್ತು. ಜಾಕ್ ಆಕ್ಸಲ್ಲಿಗೆ ತಾಗಿತು. ಭಾರ ಹಿಡಿಯಿತು. ಕಾರು ಒಂದು ಸಲ ಕಿರ್ ಅಂದಿತು.

"ಬಂತಾ?"

"ಇನ್ನೂ ಇಲ್ಲ."

ಅರ್ಧ ಸುತ್ತು.

"ಈಗ?"

"ಇಲ್ಲ. ಅವಸರ ಮಾಡ್ಬೇಡ."

ನನ್ನ ಮುಖದಿಂದ ಒಂದು ಮೊಳ ದೂರದಲ್ಲಿ ಅವರ ಮೊಣಕಾಲಿತ್ತು. ಎಷ್ಟು ಅರ್ಧ ಸುತ್ತುಗಳಾದವೋ. ಆಮೇಲೆ ಅವರು "ಹಾಂ" ಅಂದರು. ಕೈ ಹೊರಗೆ ಬಂತು. ಅವರು ಅದನ್ನು ಎದೆಗೆ ಒತ್ತಿಕೊಂಡು ಪಕ್ಕಕ್ಕೆ ಒರಗಿದರು. ಟೈಲರಮ್ಮ ಸೆರಗಿನಲ್ಲೇ ಸುತ್ತಿದರು. ಬೆರಳುಗಳನ್ನು ನಾನು ನೋಡಿದೆ. ಎಲ್ಲವೂ ಇದ್ದವು. ಎರಡು ಇರಬೇಕಾದ ದಿಕ್ಕಿನಲ್ಲಿ ಇರಲಿಲ್ಲ.

ಆಸ್ಪತ್ರೆಗೆ ಹೊರಡಲು ನನ್ನ ಕಾರಿನ ಬಾಗಿಲು ತೆಗೆದಾಗ ಟೀಚರು ಎಲ್ಲಿ ಎಂದು ಹುಡುಕಿದೆ. ಅವರು ಅಲ್ಲೇ, ಆ ಕಾರಿನೊಳಗೇ ಇದ್ದರು. ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು, ಬಲಗಾಲು ನೆಟ್ಟಗೆ ಚಾಚಿ. ಎತ್ತಿದ ಬಾನೆಟ್ ಬಿಟ್ಟು ಅವರಿಗೆ ಮುಂದೆ ಏನೂ ಕಾಣುತ್ತಿರಲಿಲ್ಲ. ತೆಗೆಯಬಹುದು ಎಂದು ಯಾರೂ ಹೇಳಿರಲಿಲ್ಲ.

"ಸಾಕು. ಬಿಡಿ," ಅಂದೆ. ಕಾಲು ತೆಗೆಯಲು ಅವರಿಗೆ ಆಗಲಿಲ್ಲ. ನಾನೇ ಬಗ್ಗಿ ಪಾದ ಹಿಡಿದು ಎತ್ತಿದೆ.

ಭದ್ರಾವತಿಯಲ್ಲಿ ಕಟ್ಟು ಹಾಕಿ, ಬೆರಳಿನ ಮೂಳೆಗೆ ತಂತಿ ಹಾಕಬೇಕು, ಶಿವಮೊಗ್ಗಕ್ಕೆ ಒಯ್ಯಿರಿ ಎಂದರು. ನಾನೇ ಓಡಿಸಿದೆ. ಆ ದಾರಿಯಲ್ಲಿ ದಿನಾ ಓಡಾಡುವವಳು. ಆ ದಿನ ಪ್ರತಿ ರಸ್ತೆ ಉಬ್ಬಿನಲ್ಲೂ ಹಿಂದಿನ ಸೀಟಿನಿಂದ ಉಸಿರೆಳೆದುಕೊಳ್ಳುವ ಸದ್ದು ಕೇಳಿತು. ಟೀಚರು, "ನಾನು ಕ್ಲಚ್ ಒತ್ತಬಾರ್ದಿತ್ತು, ನಾನು ಒತ್ತಬಾರ್ದಿತ್ತು," ಎಂದು ಅದನ್ನೇ ಹೇಳುತ್ತಿದ್ದರು.

"ಸುಮ್ನಿರಮ್ಮ," ಅಂದರು ಫಿಟ್ಟರ್. ಆಮೇಲೆ ನನಗೋ ತಮಗೋ ಹೇಳಿಕೊಂಡರು: "ಮಿಲ್ಲಲ್ಲಿ ಮಷೀನಿಗೆ ಕೈ ಹಾಕೋಕೆ ಮುಂಚೆ ಸ್ವಿಚ್ಚಿಗೆ ನನ್ನ ಟೋಕನ್ ನೇತಾಕ್ತಿದ್ದೆ. ಅದು ಇರೋವರ್ಗೂ ದೊಡ್ಡ ಸಾಹೇಬ ಬಂದ್ರೂ ಸ್ವಿಚ್ ಮುಟ್ಟೋ ಹಾಗಿಲ್ಲ. ನೇತಾಕಿದವನೇ ತೆಗೀಬೇಕು. ಒಂದ್ ದಿನ ಮರೀಲಿಲ್ಲ ಮಾರಾಯ್ತಿ. ಮನೆ ಅಂಗಳ ಅಂದ್ಕೂಡ್ಲೆ ಮರ್ತೆ. ಕೀ ತೆಗೆದು ಜೇಬಿಗೆ ಹಾಕ್ಕೊಂಡಿದ್ರೆ ಮುಗೀತಿತ್ತು."

ಹದಿನಾಲ್ಕು ಸಾಲುಗಳಲ್ಲಿ ಅದು ಇರಲಿಲ್ಲ. ಕೀ ಯಾರ ಹತ್ತಿರ ಇರಬೇಕು ಎಂದು ನಾನು ಬರೆದೇ ಇರಲಿಲ್ಲ.

ಬೆರಳಿಗೆ ತಂತಿ ಹಾಕಿದರು. ಮುಷ್ಟಿ ಪೂರ್ತಿ ಕಟ್ಟಲು ಬರುತ್ತದೋ ಇಲ್ಲವೋ ಆರು ವಾರ ಕಳೆದ ಮೇಲೆ ಹೇಳಬಹುದು ಎಂದರು ಡಾಕ್ಟರು. ಮಾಲೀಕರು, "ನಿಮ್ಮ ತಪ್ಪೇನಿಲ್ಲ ಮೇಡಂ, ಅವರ ಕಾರು, ಅವರ ಕಲ್ಲು. ಮುಂದಿನ ತಂಡ ಶುರು ಮಾಡಿ," ಅಂದರು. ಶುರು ಮಾಡಲಿಲ್ಲ. ಅದರ ಬದಲು ಸೋಗಾನೆ ಕಡೆಯ ರಸ್ತೆಯಲ್ಲಿ, ವಾಹನ ಕಡಿಮೆ ಇರುವ ಒಂದು ಸಣ್ಣ ಏರಿನಲ್ಲಿ ಕಾರು ನಿಲ್ಲಿಸಿ, ಕಲಿಯುವವರಿಗೆ ಹೇಳದೆ ನನ್ನ ಕಾಲನ್ನು ಬ್ರೇಕಿನಿಂದ ಮೇಲೆತ್ತಿ ನೋಡತೊಡಗಿದೆ. ಕಾರು ಹಿಂದೆ ಉರುಳುತ್ತಿತ್ತು. ಅವರು ಕೆಳಗೆ ಪೆಡಲ್ ಕಡೆ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದರು. ಒಬ್ಬರಾದ ಮೇಲೆ ಒಬ್ಬರು. ನಾಲ್ಕನೆಯವರೂ ಹಾಗೇ ನೋಡಿದರು. ಅಂದಿನಿಂದ ಮೊದಲ ವಾರದ ಪಾಠ ಅದೊಂದೇ: ಏರಿನಲ್ಲಿ ನಿಂತು ಬಲಗಾಲಲ್ಲಿ ಕಾರು ಹಿಡಿಯುವುದು. ಬೇಸರಪಟ್ಟು ಒಬ್ಬರು ಬೇರೆ ಶಾಲೆಗೆ ಹೋದರು. ಹೋಗಲಿ.

ಕಟ್ಟು ಬಿಚ್ಚುವ ವಾರ ಫಿಟ್ಟರ್ ಫೋನ್ ಮಾಡಿದರು. "ಬಾರಮ್ಮ ಭಾನುವಾರ. ಕಾರು ಹಾಗೇ ನಿಂತಿದೆ."

ಹಾಗೇ ನಿಂತಿತ್ತು. ಆ ದಿನ ಸಂಜೆ ಯಾರೋ ಹಿಂಭಾಗಕ್ಕೆ ಗಟ್ಟಿ ಮರದ ದಿಮ್ಮಿಗಳನ್ನು ಕೊಟ್ಟು ಕೂರಿಸಿದ್ದರು, ಅಷ್ಟೇ. ಮೆಕ್ಯಾನಿಕ್ ಬಂದು ಹಾಕಿಕೊಡುತ್ತೇನೆ ಎಂದರೂ ಇವರು ಬಿಟ್ಟಿರಲಿಲ್ಲ. ಬಿಚ್ಚಿದವನೇ ಹಾಕಬೇಕು ಎಂದಿದ್ದರಂತೆ. ದಿನಾ ಮಾವ ಕಾರಿನಲ್ಲಿ ಬಿಡುತ್ತಿದ್ದ ಟೀಚರು ಆರು ವಾರದಿಂದ ಬಸ್ಸಿನಲ್ಲಿ ಶಾಲೆಗೆ ಹೋಗುತ್ತಿದ್ದರು, ಕ್ಲಾಸಿಗೂ ಬಂದಿರಲಿಲ್ಲ.

ನಾನು ಮನಸ್ಸಿನಲ್ಲಿ ಕಟ್ಟಿಕೊಂಡು ಬಂದದ್ದನ್ನು ಹೇಳಿದೆ. ಹಾಕಿ ನೋಡಿ ಅಂದವಳು ನಾನು, ಹ್ಯಾಂಡ್‌ಬ್ರೇಕ್ ಇಲ್ಲ ಎಂದು ಗೊತ್ತಿದ್ದೂ ಸುಮ್ಮನಿದ್ದವಳು ನಾನು.

"ಕಲ್ಲು ಸರಿಸಿದವನು ನಾನು," ಅಂದರು ಫಿಟ್ಟರ್.

"ಕ್ಲಚ್ ಒತ್ತಿದವಳು ನಾನು," ಅಂದರು ಟೀಚರು, ಬಾಗಿಲಲ್ಲಿ ನಿಂತು.

ಟೈಲರಮ್ಮ ಕಾಂಪೌಂಡಿನ ಆಚೆಯಿಂದ, "ಜಗಳ ಆಡ್ಬೇಡಿ, ಮೂರು ಪಾಲು ಮಾಡ್ಕೊಳ್ಳಿ. ನನ್ನ ಸೀರೆ ಸೆರಗು ಹಾಳಾಯ್ತು, ಅದರ ಪಾಲು ಯಾರ್ದು?" ಅಂದರು. ಫಿಟ್ಟರ್ ನಕ್ಕರು. ಟೀಚರು ನಗಲಿಲ್ಲ.

ಟೈಲರಮ್ಮನೂ ಒಳಗೆ ಬಂದರು, ಕೆಲಸಕ್ಕೆ ಇಳಿದೆವು. ಫಿಟ್ಟರ್ ಕೀಯನ್ನು ತಮ್ಮ ಅಂಗಿಯ ಜೇಬಿಗೆ ಹಾಕಿಕೊಂಡು ಗುಂಡಿ ಹಾಕಿದರು. ಮೂರು ಚಕ್ರಕ್ಕೂ ಕಲ್ಲು. ಹೊಸ ಜಾಕು. ಚಕ್ರವನ್ನು ನಾನೂ ಟೈಲರಮ್ಮನೂ ಎತ್ತಿ ಹಿಡಿದೆವು, ಅವರು ಬಲಗೈಯಲ್ಲಿ ನಟ್ಟು ಹಿಡಿಸಿದರು. ಒಂದಾದ ಮೇಲೆ ಅದರ ಪಕ್ಕದ್ದಲ್ಲ, ಎದುರಿನದು. ಜಾಕ್ ಇಳಿಸಿ ಚಕ್ರ ನೆಲಕ್ಕೆ ಕೂತ ಮೇಲೆ ನಾನು ಪಾನಾ ತೆಗೆದುಕೊಂಡು ಬಿಗಿದೆ. ಸಾಕು ಅನಿಸಿತು.

"ಇಲ್ಲಿ ಕೊಡು," ಅಂದರು. ಎಡಗೈಯನ್ನೂ ಪಾನಾದ ಮೇಲಿಟ್ಟರು. ಎರಡು ಬೆರಳು ಮಡಚಲಿಲ್ಲ, ನೆಟ್ಟಗೆ ಗಾಳಿಯಲ್ಲೇ ನಿಂತವು. ಅಂಗೈಯ ಬುಡದಿಂದ ಒತ್ತಿದರು. ಹಣೆಯ ಮೇಲೆ ನರ ಎದ್ದಿತು. ನಟ್ಟು ಕಾಲು ಸುತ್ತು ತಿರುಗಿತು.

"ಇನ್ನೂ ಇತ್ತು ನೋಡು," ಅಂದರು.

ಪ್ರತಿ ನಟ್ಟಿಗೂ ಹಾಗೇ ಮಾಡಿದರು. ಆಮೇಲೆ ಜೇಬಿನ ಗುಂಡಿ ಬಿಚ್ಚಿ ಕೀ ತೆಗೆದು ಸೊಸೆಯ ಕಡೆ ಚಾಚಿದರು. ಟೀಚರು ಎರಡು ಹೆಜ್ಜೆ ಹಿಂದೆ ಹೋದರು.

"ನಾನು ಹತ್ತಲ್ಲ ಮಾವ."

"ಬಲ್ಬು ಹಾಕಿದವಳು ನೀನು. ಉರಿಯುತ್ತೋ ಇಲ್ವೋ ಇನ್ನೂ ಯಾರೂ ನೋಡಿಲ್ಲ."

ಫಿಟ್ಟರ್ ಚಾಚಿದ ಕೈ ಹಿಂದೆ ತೆಗೆಯಲಿಲ್ಲ. ಕೊನೆಗೆ ಟೀಚರು ಕೀ ತೆಗೆದುಕೊಂಡರು. ಕಾರಿನ ಸುತ್ತ ಒಂದು ಸುತ್ತು ಬಂದರು; ಕಲ್ಲಿದ್ದ ಪ್ರತಿ ಚಕ್ರದ ಹತ್ತಿರ ಬಗ್ಗಿ ಅದನ್ನು ಕೈಯಲ್ಲಿ ಅಲ್ಲಾಡಿಸಿ ನೋಡಿದರು. ನಮ್ಮನ್ನೆಲ್ಲ ಕೈಸನ್ನೆಯಲ್ಲಿ ಗೋಡೆಯ ಕಡೆಗೆ ಸರಿಸಿದರು. ಕೂತರು. ಬಾನೆಟ್ ಮುಚ್ಚಿತ್ತು, ಮುಖ ಕಾಣುತ್ತಿತ್ತು.

"ಬ್ರೇಕ್ ಒತ್ತಿದೀನಿ," ಎಂದು ಕೂಗಿದರು. ಕ್ಲಾಸಿನಲ್ಲಿ ಪಾಠ ಒಪ್ಪಿಸುವ ದನಿ. "ಕ್ಲಚ್ ಒತ್ತಿದೀನಿ. ನ್ಯೂಟ್ರಲ್. ಕೀ ಹಾಕ್ತಿದೀನಿ."

ಕಾರು ಅಲ್ಲಾಡಲಿಲ್ಲ. ನಾನು ನನ್ನ ಕಾಲನ್ನು ನೋಡಿಕೊಂಡೆ. ಅದು ಒತ್ತುತ್ತಿತ್ತು.

ಹನ್ನೊಂದು ಗಂಟೆಯ ಬಿಸಿಲು ನೇರ ಲೈಟಿನ ಗಾಜಿನ ಮೇಲಿತ್ತು. ಹತ್ತಿದೆಯೋ ಇಲ್ಲವೋ ನನಗೆ ತಿಳಿಯಲಿಲ್ಲ. ಟೀಚರು ಗಾಜಿನ ಹಿಂದಿನಿಂದ ನಮ್ಮ ಮುಖಗಳನ್ನೇ ನೋಡುತ್ತಿದ್ದರು. ಫಿಟ್ಟರ್ ಗೋಡೆ ಬಿಟ್ಟು ಒಂದು ಬದಿಯಿಂದ ಹೋಗಿ, ಕೈಯನ್ನು ಉದ್ದಕ್ಕೆ ಚಾಚಿ ಎಡ ಲೈಟಿನ ಮುಂದೆ ಹಿಡಿದರು. ಎಡಗೈ. ಮಡಚದ ಎರಡು ಬೆರಳುಗಳ ಮೇಲೆ, ಹೊಲಿಗೆಯ ಗುರುತಿನ ಮೇಲೆ, ಹಳದಿ ಬೆಳಕು ಬಿತ್ತು.

ಅವರು ಸೊಸೆಗೆ ಕಾಣುವ ಹಾಗೆ ಆ ಕೈಯನ್ನು ಅಲ್ಲೇ ಹಿಡಿದುಕೊಂಡು ನಿಂತರು.